ಫಳಫಳ ಹೊಳೆಯುವ ಸ್ಪ್ರಿಂಗ್‌ಗಳು

ಅಣ್ಣನಿಗೆ,

ಎದುರಿಗೆ ಸಿಕ್ಕರೆ ಕೂಗಾಡಿಬಿಡುತ್ತೇನೆ, ಅದಕ್ಕೇ ಬರೆದು ನಿನ್ನ ಮೇಜಿನ ಮೇಲಿಟ್ಟಿದ್ದೇನೆ.

ನಾನು ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಗ ನಮ್ಮ ಕಾರ್ಖಾನೆಯಲ್ಲಿ ತಯಾರಾಗಿದ್ದ ಬಸ್ಸಿನ ಸ್ಪ್ರಿಂಗ್‌ಗಳನ್ನೆಲ್ಲ ಪಾಲಿಶ್ ಚಕ್ರಕ್ಕೆ ಹಿಡಿಸಿ ಉಜ್ಜಿಸಿದ್ದೀಯ. ಯಾಕೆಂದು ಕೇಳಿದರೆ ಪಾಲಿಶ್ ಮಾಡುವವನು, "ನಿಮ್ಮಣ್ಣನೇ ಹೇಳಿದ್ದು ಅಕ್ಕ. ಬಸ್ಸಿನವ್ರು ನೋಡೋಕೆ ಬರ್ತಾರಂತೆ, ಸಿಡುಬಿನ ಕಲೆ ಥರ ಕಾಣ್ಬಾರ್ದಂತೆ" ಎಂದ.

ಆ ಕಲೆಗಾಗಿಯೇ ಅಲ್ಲವೇ ನಾವು ಸ್ಪ್ರಿಂಗ್ ಮೇಲೆ ಉಕ್ಕಿನ ಸಣ್ಣ ಗುಂಡುಗಳನ್ನು ಸಿಡಿಸುವುದು? ಒಂದೊಂದು ಪೆಟ್ಟಿಗೂ ಮೇಲ್ಮೈ ಒತ್ತಿ ಬಿಗಿಯಾಗುತ್ತದೆ, ಬಿರುಕು ಬಾಯಿ ಬಿಡುವುದಿಲ್ಲ ಎಂದು ನನಗೆ ಹೇಳಿಕೊಟ್ಟವನೇ ನೀನು. ಆ ಪದರವನ್ನೇ ಉಜ್ಜಿ ತೆಗೆಸಿದ್ದೀಯ. ಜನ ತುಂಬಿದ ಬಸ್ಸು ತಿರುವಿನಲ್ಲಿ ವಾಲಿದಾಗ ಸ್ಪ್ರಿಂಗ್ ಮುರಿದರೆ, ಹೊಳೆದು ಏನು ಬಂತು? ಗೊತ್ತಿಲ್ಲದವರು ಮಾಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ.

ಎಲ್ಲವನ್ನೂ ಮತ್ತೆ ಗುಂಡಿನ ಯಂತ್ರಕ್ಕೆ ಹಾಕಿಸುತ್ತಿದ್ದೇನೆ. ತಡವಾಗುತ್ತದೆಂದು ಬಸ್ಸಿನವರಿಗೆ ನೀನೇ ಫೋನ್ ಮಾಡು, ನನ್ನ ತಲೆಗೆ ಕಟ್ಟಬೇಡ. ಕರೆಂಟ್ ಇಲ್ಲದೆ ಕೆಲಸ ತಡವಾಯಿತು ಎಂದು ಅಪ್ಪನಿಗೆ ಹೇಳಿದ್ದೇನೆ. ನೀನೂ ಅದನ್ನೇ ಹೇಳು. ಅವರ ಎದೆ ಈಗ ಇದನ್ನೆಲ್ಲ ತಡೆಯುವುದಿಲ್ಲ.

ಬರುವವರಿಗೆ ಹೊಳಪೇ ತೋರಿಸಬೇಕಿದ್ದರೆ ಕಚೇರಿ ಬಾಗಿಲಿಗೆ ಹಿತ್ತಾಳೆಯ ಹಿಡಿ ಇದೆ. ಅದನ್ನು ಎಷ್ಟು ಬೇಕಾದರೂ ಉಜ್ಜಿಕೊಂಡು ಕೂತಿರು.

ಇನ್ನೂ ಮಾತು ಬಿಡದಿರುವ,
ನಿನ್ನ ತಂಗಿ