ಸೈನ್ ಹಾಕಿದ ಮೇಲೆ ತೆರೆದ ಪೆಟ್ಟಿಗೆ

ಮಂಗಳವಾರ ಮಧ್ಯಾಹ್ನ, ಲೈಬ್ರರಿ

ಪ್ರೀತಿಯ ಅಮ್ಮಾ,

ಹೀಗೆ ಪತ್ರ ಬರೆದು ನಿನ್ನನ್ನ ಗಾಬರಿಪಡಿಸ್ತಿರೋದಕ್ಕೆ ಮೊದಲೇ ಸಾರಿ. ಫೋನಲ್ಲಿ ಹೇಳೋಕೆ ಹೋದ್ರೆ ಅತ್ತುಬಿಡ್ತೀನಿ, ನೀನು ಹೊಲಿಗೆ ಮಷೀನ್ ಬಿಟ್ಟು ಬಸ್ ಹತ್ತಿಬಿಡ್ತೀಯ.

ನೀನು ಕೊಡಿಸಿದ ಮೈಕ್ರೋಸ್ಕೋಪ್ ಒಡೆದೇ ಬಂದಿತ್ತು. ಲೆನ್ಸ್ ಬಿರುಕು ಬಿಟ್ಟಿದೆ, ಕತ್ತು ವಾಲಿದೆ. ಸೂಪರ್ ಆಗಿದೆ ಅಂತ ನಿಂಗೆ ಹೇಳಿದ್ದು ಸುಳ್ಳು. ಸೋಮವಾರದಿಂದ ಪ್ರಾಕ್ಟಿಕಲ್ಸ್. ಸ್ವಂತದ್ದು ಇಲ್ಲದವರು ಇನ್ನೊಬ್ಬರ ಭುಜದ ಹಿಂದೆ ನಿಂತು ಇಣುಕಬೇಕು.

ಅದನ್ನ ತಗೊಂಡು ಅಂಗಡಿಗೆ ಹೋದೆ. ಅಲ್ಲೊಬ್ಬ ಮ್ಯಾನೇಜರ್. ಟೈ ಕಟ್ಟಿದ್ದಕ್ಕೇ ತಾನು ವಿಜ್ಞಾನಿ ಅನ್ನೋ ಠೀವಿ. ಕಣ್ಣಿಡೋ ತುದಿ ಯಾವುದು ಅಂತ್ಲೂ ಗೊತ್ತಿಲ್ಲ ಆ ಮನುಷ್ಯನಿಗೆ. ತಲೆಕೆಳಗಾಗಿ ಹಿಡ್ಕೊಂಡು, ಏನಮ್ಮಾ, ಇದ್ರಲ್ಲಿ ಗೋಡೆಗೆ ಮೊಳೆ ಹೊಡೆದ್ಯಾ ಅಂತ ಕೇಳಿದ. ಕ್ಯಾಷಿಯರ್ ಕಿಸಕ್ಕನೆ ನಕ್ಕಳು. ಆಮೇಲೆ ಡೆಲಿವರಿ ಚೀಟಿ ತೆಗೆದು, ‘ಸರಕು ಸುಸ್ಥಿತಿಯಲ್ಲಿ ತಲುಪಿದೆ’ ಅನ್ನೋದರ ಕೆಳಗಿದ್ದ ನನ್ನ ಸೈನ್ ಮೇಲೆ ಬೆರಳಿಂದ ಕುಟ್ಟಿದ. ಏಳು ವರ್ಷ ಹಾಸ್ಟೆಲಲ್ಲಿ ವಾರ್ಡನ್ ಕಲಿಸಿದ್ದೇ ಅದು: ಮೊದಲು ಸೈನ್, ಆಮೇಲೆ ಪಾರ್ಸೆಲ್. ಪೆಟ್ಟಿಗೆ ತೆರೆಯದೇ ಹಾಕ್ಬಿಟ್ಟಿದ್ದೆ.

ಲಾ ಓದೋ ಸೀನಿಯರ್ ಒಬ್ಬಳು, ಸೈನ್ ಹಾಕಿದ ಮಾತ್ರಕ್ಕೆ ಹಕ್ಕು ಹೋಗಲ್ಲ ಕಣೇ, ಗ್ರಾಹಕರ ಆಯೋಗಕ್ಕೆ ದೂರು ಕೊಡು ಅಂದ್ಲು. ಬಿಲ್ ನಿನ್ನ ಹೆಸರಲ್ಲಿದೆ, ಸೈನ್ ನೀನೇ ಹಾಕಬೇಕು, ಅದಕ್ಕೇ ದೂರಿನ ಫಾರ್ಮ್ ಜೊತೆಗಿಟ್ಟಿದ್ದೀನಿ. ಬಾಗಿಲಲ್ಲಿ ಪೆಟ್ಟಿಗೆ ತಬ್ಬಿಕೊಂಡು ತೆಗೆದ ಫೋಟೋ ಕಳಿಸಿದ್ನಲ್ಲ? ಅದರಲ್ಲಿ ಟೇಪ್ ಕೂಡ ಬಿಚ್ಚಿಲ್ಲ, ಆದ್ರೆ ಕೆಳಗಿನ ಮೂಲೆ ಜಜ್ಜಿಹೋಗಿದೆ. ಹಲ್ಲು ಕಿರಿಯೋದ್ರಲ್ಲಿ ಬಿಜಿಯಾಗಿದ್ದೆ, ಆಗ ನೋಡಲೇ ಇಲ್ಲ, ಆಮೇಲೆ ಫೋಟೋದಲ್ಲೇ ಕಂಡಿದ್ದು. ಈಗ ನನ್ನ ಫೋನಿಂದ ಅದು ಅಳಿಸಿಹೋಗಿದೆ. ನೀನಾದ್ರೂ ಜಾಗ ಸಾಲಲ್ಲ ಅಂತ ಡಿಲೀಟ್ ಮಾಡಬೇಡ, ಪ್ಲೀಸ್.

ನಿನ್ನ,
ಪುಟ್ಟಿ

ವಿ.ಸೂ.: ಆ ಟೈ ಮ್ಯಾನೇಜರ್ ಹತ್ರ ನನ್ನ ಇನ್ನೊಂದು ಕಾಗದ ಇದೆ. ತಪ್ಪಾಯ್ತು ಅಂತ ಬರ್ಕೊಡು, ದೊಡ್ಡ ಮನಸ್ಸು ಮಾಡಿ ರಿಪೇರಿ ಮಾಡಿಸ್ತೀನಿ ಅಂದಿದ್ದ. ‘ನನ್ನ ಕೈಜಾರಿ ಬಿತ್ತು, ಕ್ಷಮಿಸಿ’ ಅಂತ ಬರ್ಕೊಟ್ಟೆ. ಹಾಸ್ಟೆಲಲ್ಲಿ ಯಾರು ಗ್ಲಾಸ್ ಒಡೆದ್ರೂ ನಾನೇ ಬರೀತಿದ್ದ ಸಾಲು ಅದು, ಪೆನ್ನು ತಾನಾಗೇ ಓಡ್ತು. ಅದನ್ನ ಮಡಚಿ ಜೇಬಿಗಿಟ್ಟು, ಸರಿ, ಹೊರಡು ಇನ್ನು ಅಂದ. ಅವನನ್ನ ಕಂಡ್ರೆ ಎಷ್ಟು ಅಸಹ್ಯವೋ ನನ್ನನ್ನ ಕಂಡ್ರೂ ಅಷ್ಟೇ. ಆದ್ರೆ ಕೈಜಾರಿ ಬಿದ್ದಿಲ್ಲಮ್ಮ. ಇಷ್ಟು ಓದಿದ ಮೇಲೂ ನನ್ನ ನಂಬ್ತೀಯಾದ್ರೆ ಮಾತ್ರ ಸೈನ್ ಹಾಕು. ಬೇಗ ಉತ್ತರ ಬರಿ.