ಬಯಕೆಗೆ ಬೆಲ್ಲ ಬೇಡವಂತೆ

ಅಂಕೋಲಾ
ನಾಗರಪಂಚಮಿಯ ಮರುದಿನ

ಸೌಭಾಗ್ಯವತಿ ದೀಕ್ಷಾಳಿಗೆ ನಿನ್ನ ಆಯಿಯ ಆಶೀರ್ವಾದ. ಆಶೀರ್ವಾದದಲ್ಲಿ ಕ್ಯಾಲರಿ ಇಲ್ಲ, ಹೆದರದೆ ತೆಗೆದುಕೋ.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀನು ಕೇಳುವೆ. ಫೋನಿನಲ್ಲಿ ನಾನು ಬಯಕೆಯ ಮಾತು ತೆಗೆದರೆ ಸಾಕು, ನಿನಗೆ ಕುಕ್ಕರ್ ಕೂಗಿದ್ದು ಕೇಳಿಸುತ್ತದೆ, ಇಲ್ಲವೇ ಬಾಗಿಲಲ್ಲಿ ಯಾರೋ ಬಂದಿರುತ್ತಾರೆ. ಪತ್ರಕ್ಕೆ ಹಾಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಬೆಳಗಿನ ಕಾರವಾರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಬಸ್‌ಸ್ಟ್ಯಾಂಡಿಗೆ ಹೋಗಿ ತಂದುಕೊಡಲು ಅಳಿಯ ಸಾಯಿನಾಥರಿಗೆ ಫೋನ್ ಮಾಡಿ ಹೇಳಿದ್ದೇನೆ. ಅತ್ತೆಯ ಎದುರು ಓದಬೇಡ.

ಬಸಿರಿನಲ್ಲಿ ಸಕ್ಕರೆ ಏರಿದೆ ಎಂದು ಡಾಕ್ಟರು ಹೇಳಿದರು, ನೀನು ಸಿಹಿ ಬಿಟ್ಟೆ. ಒಳ್ಳೆಯದೇ ಮಾಡಿದೆ. ನಿನಗಾಗಲಿ ಮಗುವಿಗಾಗಲಿ ಏನೂ ಆಗಬಾರದು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಏಳನೆಯ ತಿಂಗಳಿಗೆ ತವರಿನವರು ಹೂ ಮುಡಿಸಿ, ಸಿಹಿ ಕೊಟ್ಟು, ಬಯಕೆ ತೀರಿಸುವುದು ನಮ್ಮಲ್ಲಿ ನಡೆದು ಬಂದದ್ದು. ಅದಕ್ಕೆ ನೀನು, ‘ಆಯಿ, ಸಿಹಿ ತಕ್ಕಂಡು ಬಂದ್ರೆ ಬಾಗ್ಲಿಂದ್ಲೇ ವಾಪಸ್ ಕಳಿಸ್ತೆ’ ಎಂದೆಯಲ್ಲ, ಆ ಮಾತು ನನಗೆ ನಾಟಿತು. ನಿನ್ನ ಅತ್ತೆ ಭಾರತಿಬಾಯಿಯ ಎದುರು ನಾನು ಏನು ಹಿಡಿದು ನಿಲ್ಲಲಿ? ಸೌತೆಕಾಯಿ ತಂದಿದ್ದೇನೆ, ತೆಗೆದುಕೊಳ್ಳಿ ಎನ್ನಲೇ? ಆಕೆ ಬಾಯಲ್ಲಿ ಏನೂ ಅನ್ನುವುದಿಲ್ಲ, ನಿಜ. ಆಕೆಯ ಹುಬ್ಬು ಅನ್ನುತ್ತದೆ.

ಸಾಲದ್ದಕ್ಕೆ ಪಕ್ಕದ ಮನೆಯ ಜಯಂತಿ ಬಂದು, ‘ಬಯ್ಕೆ ತೀರ್ಸದಿದ್ರೆ ಹುಟ್ಟೂ ಮಗಿನ ಕಿವಿ ಸೋರ್ತದೆ ಸುಗಂಧಕ್ಕಾ, ಆಮೇಲೆ ನಾ ಹೇಳ್ಲಿಲ್ಲ ಅನ್ಬೇಡಿ’ ಎಂದು ಹೇಳಿ ಚಹಾ ಕುಡಿದು ಹೋದಳು. ಇಷ್ಟು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು, ಅದನ್ನೆಲ್ಲ ನಂಬುವುದಿಲ್ಲ. ಆದರೂ ಅವತ್ತಿನಿಂದ ಓಣಿಯಲ್ಲಿ ಯಾವ ಮಗು ಕಂಡರೂ ನನ್ನ ಕಣ್ಣು ಮೊದಲು ಅದರ ಕಿವಿಗೇ ಹೋಗುತ್ತದೆ.

ಒಂದು ಪಾತೋಳಿಗೆ ಎಷ್ಟು ಕ್ಯಾಲರಿ ಎಂದು ನಿನ್ನ ಫೋನಿಗೆ ಕೇಳಿದ್ದಕ್ಕೆ, ಅದು ಹುಡುಕಿ ಹುಡುಕಿ ಮೊಮೊ ತೋರಿಸಿತು ಎಂದು ನೀನು ಹೇಳಿದ್ದೆ. ಅದು ಯಾವ ತಿಂಡಿ ಎಂದು ನಿನ್ನ ಬಾಬಾನನ್ನು ಕೇಳಿದೆ. ‘ಕೋಳಿ ತುಂಬಿದ ಮೋದಕ’ ಎಂದರು. ಅರಿಶಿನ ಎಲೆಯಲ್ಲಿ ಅಕ್ಕಿಹಿಟ್ಟು ಸವರಿ, ಕಾಯಿ ಬೆಲ್ಲ ಇಟ್ಟು ಮಡಿಸಿ ಬೇಯಿಸಿದ್ದಕ್ಕೂ ಕೋಳಿಗೂ ವ್ಯತ್ಯಾಸ ತಿಳಿಯದ ಫೋನು ನನ್ನ ಮಗಳ ಊಟ ನಿರ್ಧರಿಸುತ್ತಿದೆ. ಆಗಲಿ.

ನಾನೂ ಸುಮ್ಮನೆ ಕೂರಲಿಲ್ಲ. ಬೆಲ್ಲ ಬಿಟ್ಟು ಖರ್ಜೂರ ಹಾಕಿ ಪಾತೋಳಿ ಮಾಡಿದೆ. ಅದರಲ್ಲೂ ಸಕ್ಕರೆಯೇ ಎಂದು ಆಮೇಲೆ ತಿಳಿಯಿತು. ಸಿಹಿಗುಂಬಳ ತುರಿದು ಹಾಕಿದೆ. ಅದು ಪಲ್ಯದ ಹಾಗಾಯಿತು. ಕೊನೆಗೆ ಏನೂ ಹಾಕದೆ ಬರೀ ಕಾಯಿತುರಿ ಇಟ್ಟೆ. ಎಲ್ಲದರ ರುಚಿ ನೋಡಿದ್ದು ನಿನ್ನ ಬಾಬಾ. ಅವರ ಸಕ್ಕರೆ ಕಾಯಿಲೆ ನಿನಗೆ ಗೊತ್ತೇ ಇದೆ, ಆದರೂ ಮಗಳಿಗಾಗಿ ಎಂದು ಹೇಳಿ ಖರ್ಜೂರದ್ದನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಕೊನೆಯದನ್ನು ಬಹಳ ಹೊತ್ತು ಅಗಿದು, ‘ಎಲೆ ಮಾತ್ರ ಚಲೋ ಅದೆ’ ಎಂದರು.

ಹಾಗಾದರೆ ಬೆಲ್ಲವೇ ಇರಲಿ ಎಂದುಕೊಂಡೆ. ಬೆಲ್ಲ ಏನು ಸಕ್ಕರೆಯೇ? ಬಾಬಾನ ತಪಾಸಣೆಗೆ ದವಾಖಾನೆಗೆ ಹೋದಾಗ ನರ್ಸ್ ವೀಣಾಳನ್ನು ಕೇಳಿಯೇಬಿಟ್ಟೆ. ನನ್ನ ಹಳೆಯ ವಿದ್ಯಾರ್ಥಿನಿ ಅವಳು. ‘ಟೀಚರ್, ಬಣ್ಣ ಬೇರೆ ಅಷ್ಟೇ, ರಕ್ತಕ್ಕೆ ಹೋದ್ಮೇಲೆ ಎರಡೂ ಒಂದೇಯ’ ಎಂದಳು. ನನಗೆ ಸಿಟ್ಟು ಬಂತು. ಅವಳಿಗೆಂದು ಒಯ್ದಿದ್ದ ಬೆಲ್ಲದ ಪಾತೋಳಿಯನ್ನು ಅಲ್ಲೇ ಬೆಂಚಿನ ಮೇಲೆ ಬಿಚ್ಚಿ ನಾನೇ ತಿಂದೆ. ಸ್ವಲ್ಪ ಹೊತ್ತು ಕೂತು, ಈಗ ನೋಡು ಎಂದು ಬೆರಳು ಚಾಚಿದೆ. ಯಂತ್ರ ಏನೋ ಒಂದು ಅಂಕಿ ತೋರಿಸಿತು. ಇದು ಕೆಟ್ಟಿದೆ, ಇವರ ಬೆರಳು ಚುಚ್ಚು ಎಂದೆ. ನಿನ್ನ ಬಾಬಾನದು ನನ್ನದಕ್ಕಿಂತ ಕಡಿಮೆ ಬಂತು. ಅವರು ಎದೆ ಉಬ್ಬಿಸಿಕೊಂಡು, ದವಾಖಾನೆಯಿಂದ ಮನೆಯವರೆಗೂ ಸ್ಕೂಟರಿನಲ್ಲಿ ಶಿಳ್ಳೆ ಹಾಕುತ್ತ ಬಂದರು. ಇರಲಿ ಬಿಡು. ಮಳೆಗಾಲದಲ್ಲಿ ಯಂತ್ರಗಳಿಗೂ ಥಂಡಿ ಹಿಡಿಯುತ್ತದೆ.

ಈಗ ನನ್ನ ತೀರ್ಮಾನ ಕೇಳು. ಬರುವ ಭಾನುವಾರ ನಾವು ಬರುತ್ತೇವೆ. ಹೂ, ಸೀರೆ, ಪಾತೋಳಿ ಮೂರೂ ಬರುತ್ತವೆ. ಭಾರತಿಬಾಯಿಗೆ ಬುಟ್ಟಿ ತುಂಬ ದೊಡ್ಡವು. ನಿನಗೆ ಮಾತ್ರ ಕಿರುಬೆರಳಿನಷ್ಟು ಒಂದೇ ಒಂದು, ಕಾಯಿ ಹೆಚ್ಚು, ಬೆಲ್ಲ ಹೆಸರಿಗಷ್ಟೇ. ಅದನ್ನೂ ಡಾಕ್ಟರನ್ನು ಕೇಳು. ಅವರು ಆಗಬಹುದು ಎಂದರೆ ತಿನ್ನು, ಬೇಡ ಎಂದರೆ ಎಲೆ ಬಿಚ್ಚಿ ಬಿಸಿಬಿಸಿ ಇರುವಾಗ ಮೂಸು, ಸಾಕು. ಮೂಸಿದ್ದಕ್ಕೆ ಯಾವ ಫೋನೂ ಲೆಕ್ಕ ಹಿಡಿಯಲಾರದು.

ನಿನಗೆ ಸಿಹಿ ತಿನ್ನಿಸಲೇಬೇಕೆಂಬ ಹಟ ನನಗಿಲ್ಲ ಮಗಾ. ನನಗೆ ಇರುವುದು ನೀನೊಬ್ಬಳೇ. ನಿನ್ನ ಬಯಕೆ ನನ್ನ ಕೈಯಿಂದ ಆಗಲಿ ಎಂಬ ಆಸೆ. ಅದನ್ನು ಬಾಗಿಲಿನಿಂದಲೇ ವಾಪಸ್ ಕಳಿಸಬೇಡ.

ನಿನ್ನ ಮೇಲೆ ಕೋಪ ಪೂರ್ತಿ ಇಳಿಯದ,
ಆಯಿ
(ಸುಗಂಧಾ)

ತಾ.ಕ.: ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಕೇಳಿದಾಗ, ಬಾಬಾನಿಗಿದೆ, ಆಯಿಗಿಲ್ಲ ಎಂದು ಬರೆಸಿದ್ದೆಯಲ್ಲ, ಅದನ್ನು ತಿದ್ದಿಸು. ಯಂತ್ರ ಕೆಟ್ಟಿರಲಿಲ್ಲ. ಮರುದಿನ ಒಬ್ಬಳೇ ಹೋಗಿ ಖಾಲಿ ಹೊಟ್ಟೆಯಲ್ಲಿ ಮತ್ತೆ ರಕ್ತ ಕೊಟ್ಟು ಬಂದೆ, ಮಾತ್ರೆ ಶುರುವಾಗಿದೆ. ನಿನ್ನ ಬಾಬಾನಿಗೆ ಇನ್ನೂ ಹೇಳಿಲ್ಲ, ಆ ಶಿಳ್ಳೆಯನ್ನು ಮತ್ತೆ ಕೇಳಲಾರೆ. ನಿನ್ನದು ಸಾಮಾನ್ಯವಾಗಿ ಹೆರಿಗೆಯಾದ ಮೇಲೆ ಇಳಿಯುತ್ತದಂತೆ, ನನ್ನದು ಉಳಿಯುತ್ತದಂತೆ. ಕೇಳಿ ಸಮಾಧಾನವಾಯಿತು. ಇಬ್ಬರಲ್ಲಿ ಒಬ್ಬರದು ಉಳಿಯುವುದಾದರೆ ನನ್ನದೇ ಉಳಿಯಲಿ. ಒಂದು ಮಾತ್ರ ನೆನಪಿಡು: ಭಾನುವಾರ ನಿನ್ನ ಅತ್ತೆ ನನ್ನ ಬಾಯಿಗೆ ಪಾತೋಳಿ ಹಿಡಿದರೆ ನೀನು ಅಡ್ಡ ಬಾ. ನನಗೆ ಬೇಡವೆನ್ನಲು ಬರುವುದಿಲ್ಲ.