ಪೆಟ್ಟಿಗೆ ಯಂತ್ರ ನಿಧಾನವಾಗಿದೆ

ಕೇಂದ್ರ ಬ್ಯಾಂಕಿನ ಮುಖ್ಯಸ್ಥರೇ,

ಮುಂದಿನ ಬುಧವಾರ ನೀವು ಬಡ್ಡಿ ದರವನ್ನು ಮೂರನೇ ಬಾರಿ ಏರಿಸಲಿದ್ದೀರಿ ಎಂದು ಓದಿದೆ. ನನಗೆ ಭಯವಾಗುತ್ತಿದೆ. ಇದನ್ನು ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ.

ನಾನು ರಟ್ಟಿನ ಪೆಟ್ಟಿಗೆ ಮಾಡಿಸುವವಳು. ಹನ್ನೊಂದು ಜನ, ರಟ್ಟು ಕತ್ತರಿಸುವ ಒಂದು ಯಂತ್ರ. ದೇಶದ ಉತ್ಪಾದನೆ ಕುಸಿದಿದೆಯೆಂದು ತಿಳಿಯಲು ನಿಮಗೆ ಮೂರು ತಿಂಗಳ ಅಂಕಿಅಂಶ ಬೇಕು. ನಮಗೆ ಒಂದು ಬೆಳಗ್ಗೆ ಸಾಕು. ಸರಕಿಗಿಂತ ಮೊದಲು ಅದರ ಪೆಟ್ಟಿಗೆ ಸಿದ್ಧವಾಗಬೇಕಲ್ಲ? ಹೋದ ವರ್ಷ ಸಮುದ್ರದಾಚೆಯ ದೇಶವೊಂದು ಬಡ್ಡಿ ಏರಿಸಿತು. ಅಲ್ಲಿನವರು ಸಾಲ ಮಾಡಿ ಮನೆ ಕೊಳ್ಳುವುದನ್ನು ಬಿಟ್ಟರು. ಹೊಸ ಮನೆಯೇ ಇಲ್ಲದ ಮೇಲೆ ಹೊಸ ದೀಪ ಯಾರಿಗೆ? ಅಲ್ಲಿಗೆ ದೀಪ ಕಳಿಸುತ್ತಿದ್ದ ನಮ್ಮ ಬೀದಿಯ ಕಾರ್ಖಾನೆ ಒಂದು ಪಾಳಿ ನಿಲ್ಲಿಸಿತು, ಆ ದೀಪಗಳಿಗೆ ಪೆಟ್ಟಿಗೆ ಮಾಡುವ ನಮ್ಮ ಕೆಲಸ ಅರ್ಧವಾಯಿತು. ಆಮೇಲೆ ಬೆಲೆಯೇರಿಕೆ ತಗ್ಗಲೆಂದು, ನಮ್ಮ ಹಣದ ಬೆಲೆ ಇಳಿಯದಿರಲೆಂದು ನೀವೂ ಎರಡು ಸಲ ಏರಿಸಿದಿರಿ. ಈ ಸಲ ಏರಿಸದಿದ್ದರೆ ಸಾಲ ತೆಗೆದು ಇಲ್ಲಿಯ ಗಿರಾಕಿಗಳಿಗೇ ದೀಪ ಮಾಡುತ್ತೇವೆ ಎಂದು ಕಾರ್ಖಾನೆಯವರು ಹೇಳಿದ್ದಾರೆ. ಏರಿಸಿದರೆ ಇಲ್ಲ.

"ಅವರ ದೇಶದಲ್ಲಿ ಬಡ್ಡಿ ಏರಿದ್ರೆ ನಮಗ್ಯಾಕೆ ತಾಯಿ ಜ್ವರ?" ಎಂದರು ಅಂಟು ಹಚ್ಚುವ ಚಿಕ್ಕಮ್ಮ. ವಿವರಿಸಿದೆ. "ಓ, ಒಬ್ಬರನ್ನ ನೋಡಿ ಒಬ್ಬರು! ನನ್ನ ಓರಗಿತ್ತೀರು ಬಳೆ ಕೊಂಡ ಹಾಗೆ!" ಎಲ್ಲರೂ ನಕ್ಕರು.

ಆ ನಗುವಿನ ನಡುವೆ ಯಂತ್ರದ ಸದ್ದು ಬೇರೆಯಾಗಿ ಕೇಳಿಸಿತು. ಹತ್ತೊಂಬತ್ತು ವರ್ಷದಿಂದ ಬಲ್ಲ ಬಡಿತ, ಈಗ ತಡೆದು ತಡೆದು ಬೀಳುತ್ತಿತ್ತು. ಬೆಲ್ಟ್ ಸಡಿಲವಾಗಿದೆಯೇನೋ ಎಂದು ಹೋಗಿ ಬಗ್ಗಿ ನೋಡಿದೆ.

"ಬೆಲ್ಟ್ ಸರಿಯಾಗೇ ಇದೆ ಅಕ್ಕಾ," ಎಂದ ಯಂತ್ರ ನಡೆಸುವವನು, ನನ್ನ ಮುಖ ನೋಡದೆ. "ವೇಗ ನಾನೇ ಇಳಿಸಿದೆ. ಹೀಗೆ ಓಡಿಸಿದ್ರೆ ಇರೋ ಕೆಲಸ ಬುಧವಾರದವರೆಗೂ ಬರುತ್ತೆ. ಅಷ್ಟರಲ್ಲಿ ಅವರು ಮನಸ್ಸು ಬದಲಾಯಿಸಿದ್ರೆ? ಬೈಬೇಡಿ."

ಬೈಯಲಿಲ್ಲ. ಬೈಯಬೇಕಿತ್ತೇ? ತಿಳಿಯದು. ಬಿಸಿಯೇರಿದ ಆರ್ಥಿಕತೆಯನ್ನು ತುಸು ತಣ್ಣಗಾಗಿಸುತ್ತೇವೆ ಎಂದು ನೀವು ಮೊದಲ ಸಲ ಹೇಳಿದಾಗ ಟೀವಿ ಮುಂದೆ ತಲೆದೂಗಿದವಳು ನಾನೇ. ಬೆಲೆಯೇರಿಕೆ ನನ್ನನ್ನೂ ಸುಟ್ಟಿತ್ತು. ಎಷ್ಟು ನಯವಾದ ಮಾತು ಅನ್ನಿಸಿತ್ತು! ಯಾರು ತಣ್ಣಗಾಗುತ್ತಾರೆ ಎಂದು ಆಗ ನಾನು ಕೇಳಲಿಲ್ಲ. ನೀವಾದರೂ ಕೇಳಿಕೊಂಡಿದ್ದಿರಾ?

ಈಗ ಕೇಳುತ್ತಿದ್ದೇನೆ. ಬುಧವಾರದ ಪ್ರಕಟಣೆಯಲ್ಲಿ ದರದ ಪಕ್ಕದಲ್ಲೇ ಇನ್ನೊಂದು ಅಂಕಿ ಬರೆಯಿರಿ: ಇಲ್ಲಿ ಮತ್ತು ಗಡಿಯಾಚೆ ಎಷ್ಟು ಜನರ ಕೆಲಸ ನಿಲ್ಲಬಹುದೆಂಬ ನಿಮ್ಮ ಅಂದಾಜು. ಅಂದಾಜಿದ್ದರೆ ಮುಚ್ಚಿಡಬೇಡಿ. ಇಲ್ಲದಿದ್ದರೆ ದಯವಿಟ್ಟು ಏರಿಸಬೇಡಿ.

ಇಂತಿ,
ಇಂದು ಎಲ್ಲರೂ ಊಟಕ್ಕೆ ಹೋದಾಗ ಯಂತ್ರದ ವೇಗವನ್ನು ಇನ್ನೂ ಒಂದು ಗೆರೆ ಇಳಿಸಿಟ್ಟು ಬಂದಿರುವ
ಪೆಟ್ಟಿಗೆಯವಳು